ಜೆಟ್ಟಿನ ತೂತು

ಬ್ರಿಟಿಷರ ಕಾಲದ ಧಾರವಾಡ ಜಿಲ್ಲೆಯ ಕಾಗದಪತ್ರಗಳಲ್ಲಿ ಕರ್ಜಗಿ ಎಂಬುದು ಒಂದು ತಾಲೂಕಿನ ಹೆಸರು. ಈಗ ಅದು ಹಾವೇರಿ ತಾಲೂಕಿನಲ್ಲಿ ಒಂದು ಊರು. ತಾಲೂಕಿನ ಪಟ್ಟ ಹೋದರೂ ರೈಲು ನಿಲ್ದಾಣ ಉಳಿಯಿತು, ವರದಾ ನದಿ ಉಳಿಯಿತು, ಕಾರಹುಣ್ಣಿಮೆ ಉಳಿಯಿತು. ಎತ್ತಿನ ವಿಷಯದಲ್ಲಿ ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಮೇವು ಬಿಟ್ಟ ಎತ್ತು ಯಾವುದು, ಏದುಸಿರು ಬಿಡುವ ಎತ್ತು ಯಾವುದು, ಹೇರು ಎಳೆಯಲಾರದೆ ಕಳ್ಳಾಟ ಹೂಡುವುದು ಯಾವುದು ಎಂದು ಕಟ್ಟೆಯ ಮೇಲೆ ಕೂತೇ ಹೇಳಬಲ್ಲರು. ಇಂಥ ಊರಿಗೆ ಮೋಟರ್ ಸೈಕಲ್ ಬಂದಾಗ ಅದನ್ನೂ ಎತ್ತಿನ ಹಾಗೆಯೇ ನೋಡಿದರು. “ಗಾಡಿ ಯಾಕೋ ಕೆಮ್ಮಾಕ್ಹತ್ತೈತಿ”, “ಇದಕ್ಕ ಉಸರು ಸಾಲವಲ್ದು”, “ಭಾಳ ಉಣ್ತೈತಿ, ಕೆಲಸ ಮಾತ್ರ ಇಲ್ಲ” ಎಂದು ಮಾತಾಡಿಕೊಂಡರು. ಪೇಟೆಯವರು ನಗಬಹುದು. ಆದರೆ ಇಂಜಿನ್ನಿನ ಶಾಸ್ತ್ರ ಓದಿದವರನ್ನು ಕೇಳಿ ನೋಡಿ, ಈ ಮೂರು ಮಾತೂ ಮೂರು ಬೇರೆ ಬೇರೆ ರೋಗದ ಸರಿಯಾದ ಲಕ್ಷಣಗಳು.

ಈ ರೋಗಗಳಲ್ಲಿ ಹೆಚ್ಚಿನವು ಹುಟ್ಟುವುದು ಕಾರ್ಬೊರೇಟರಿನಲ್ಲಿ. ನಮ್ಮ ಕಡೆ ಅದು ‘ಕಾರ್ಬೇಟರ್’. ಮುಷ್ಟಿಗಾತ್ರದ ಲೋಹದ ಕರಡಿಗೆ. ಅದರೊಳಗೆ ಹಿತ್ತಾಳೆಯ ಒಂದು ಪುಟ್ಟ ತಿರುಪು. ಆ ತಿರುಪಿನ ನಡುವೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ತೂತು. ಆ ತಿರುಪೇ ಜೆಟ್. ಇಂಜಿನ್ನಿಗೆ ಹೋಗುವ ಪೆಟ್ರೋಲಿನ ಪ್ರತಿಯೊಂದು ಹನಿಯೂ ಇಂಥ ತೂತಿನಲ್ಲಿ ಹಾದೇ ಹೋಗಬೇಕು. ನಮ್ಮ ಸೀಮೆಯ ಎರಡು ತಲೆಮಾರಿನ ಮೋಟರ್ ಸೈಕಲ್ ಸವಾರರ ಸುಖ, ದುಃಖ, ಖರ್ಚು, ಕೆಲವರ ಕೈಕಾಲು ಕೂಡ ಈ ತೂತಿನ ಅಳತೆಯ ಮೇಲೆ ನಿಂತಿದ್ದವು. ಆದ್ದರಿಂದ ಅದರ ಚರಿತ್ರೆಯನ್ನು ನಾಲ್ಕು ಪುಟ ಬರೆದರೆ ತಪ್ಪೇನಿಲ್ಲ ಎಂದುಕೊಂಡಿದ್ದೇನೆ.

ಪೆಟ್ರೋಲು ದ್ರವರೂಪದಲ್ಲಿ ಇಂಜಿನ್ನಿಗೆ ಉಪಯೋಗವಿಲ್ಲ. ಅದು ಗಾಳಿಯಲ್ಲಿ ಬೆರೆತು ಮಂಜಾಗಬೇಕು. 1885ರಲ್ಲಿ ಜರ್ಮನಿಯ ಕಾರ್ಲ್ ಬೆಂಝ್ ತನ್ನ ಮೊದಲ ವಾಹನ ಮಾಡಿದಾಗ ಗಾಳಿಯನ್ನು ಪೆಟ್ರೋಲಿನ ಮೇಲೆ ಹಾಯಿಸಿ, ತಾನಾಗಿ ಆವಿಯಾದಷ್ಟನ್ನು ಮಾತ್ರ ಇಂಜಿನ್ನಿಗೆ ಕೊಟ್ಟ. 1893ರ ಸುಮಾರಿಗೆ ವಿಲ್ಹೆಲ್ಮ್ ಮೇಬಾಖ್ ಎಂಬಾತ ಜೆಟ್ ಇರುವ, ತುಂತುರು ಎರಚುವ ಕಾರ್ಬೊರೇಟರ್ ಮಾಡಿದ. ತತ್ವ ಬಹಳ ಸರಳ. ತಿಗಣೆ, ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಕಿರಿದಾದ ದಾರಿಯಲ್ಲಿ ಗಾಳಿ ಜೋರಾಗಿ ಹರಿದರೆ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ಬಟ್ಟಲಿನ ದ್ರವ ತೂತಿನ ಮೂಲಕ ಮೇಲೆದ್ದು ಗಾಳಿಯಲ್ಲಿ ಸಿಡಿಯುತ್ತದೆ. ಫ್ಲಿಟ್ ಪಂಪಿನಲ್ಲಿ ಗಾಳಿಯನ್ನು ನಮ್ಮ ಕೈ ತಳ್ಳಿದರೆ ಇಂಜಿನ್ನಿನಲ್ಲಿ ಪಿಸ್ಟನ್ ಎಳೆಯುತ್ತದೆ. ಅಷ್ಟೇ ವ್ಯತ್ಯಾಸ.

ಲೆಕ್ಕ ಮಾತ್ರ ಕಟ್ಟುನಿಟ್ಟು. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಹಗುರ, ಪೆಟ್ರೋಲು ಭಾರ. ಹೀಗಾಗಿ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ ಒಂಬತ್ತು ಸಾವಿರ ಲೀಟರ್ ಗಾಳಿ. ನಾವು ಪೆಟ್ರೋಲಿನ ದರದ ಬಗ್ಗೆಯೇ ಮಾತಾಡುತ್ತೇವೆ. ಗಾಡಿ ನಿಜಕ್ಕೂ ಉಣ್ಣುವುದು ಗಾಳಿಯನ್ನು, ಪೆಟ್ರೋಲು ಬರೀ ಉಪ್ಪಿನಕಾಯಿ. ಗಾಳಿಗೆ ತುಸು ಹೆಚ್ಚು ಪೆಟ್ರೋಲು ಬೆರೆಸಿದರೆ, ಹದಿಮೂರಕ್ಕೆ ಒಂದರ ಆಸುಪಾಸಿನಲ್ಲಿ, ಇಂಜಿನ್ನಿನ ಶಕ್ತಿ ಹೆಚ್ಚು. ತುಸು ಕಡಿಮೆ ಬೆರೆಸಿದರೆ ಖರ್ಚು ಕಡಿಮೆ, ಆದರೆ ಇಂಜಿನ್ನು ಬಿಸಿ. ಶಕ್ತಿ, ಖರ್ಚು, ಬಿಸಿ ಎಂಬ ಈ ಮೂರರ ಜಗಳವನ್ನು ಬಗೆಹರಿಸುವುದಕ್ಕೇ ಟ್ಯೂನಿಂಗ್ ಎಂದು ಹೆಸರು.

ಕನ್ನಡ ನಾಡಿಗೆ ಈ ವಿದ್ಯೆ ಮನೆಮಾತಾದದ್ದು ಮೈಸೂರಿನ ದಾರಿಯಿಂದ. ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರಿನ ಮೊದಲೆರಡು ಅಕ್ಷರ ಸೇರಿಸಿ ‘ಜಾವಾ’ ಮಾಡಿದ. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದೆ ರುಸ್ತುಂ ಇರಾನಿಯವರ ಪಾರ್ಸಿ ಮನೆತನ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹಾಕಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಗಾಡಿಯ ಹೆಸರು ‘ಯಜ್ಡಿ’ ಆಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಅದು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಜಾವಾ ನೋಡಿದವರಿಗೆ ಅದರ ಚೋದ್ಯಗಳು ಮರೆಯುವುದಿಲ್ಲ. ಕಿಕ್ ಹೊಡೆಯುವ ಕೋಲೇ ಮುಂದಕ್ಕೆ ಮಗುಚಿದರೆ ಗೇರ್ ಹಾಕುವ ಕೋಲು. ಕಾರ್ಬೊರೇಟರು ಹೊರಗೆ ಕಾಣಿಸದಂತೆ ಅದಕ್ಕೊಂದು ಮುಚ್ಚಳ, ಹೊಸ ಸೊಸೆಯ ಸೆರಗಿನ ಹಾಗೆ. ಚಳಿಗಾಲದ ಬೆಳಿಗ್ಗೆ ಒಂದು ಗುಂಡಿ ಒತ್ತಿ ಬಟ್ಟಲಿನ ಪೆಟ್ರೋಲು ಉಕ್ಕಿಸಿ ಆಮೇಲೆ ಕಿಕ್ ಹೊಡೆಯಬೇಕು. ಕಾರ್ಬೊರೇಟರು ಜಿಕೋವ್ ಎಂಬ ಚೆಕ್ ಮಾದರಿಯದು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಅದು ಟೂ ಸ್ಟ್ರೋಕ್ ಇಂಜಿನ್. ಅದಕ್ಕೆ ಬೇರೆ ಆಯಿಲ್ ಟ್ಯಾಂಕಿಲ್ಲ. ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಿ ಕೊಡಬೇಕು. ಅಂದರೆ ಪಿಸ್ಟನ್ನಿಗೆ ಜಿಡ್ಡು ಮುಟ್ಟುವುದೂ ಅದೇ ಜೆಟ್ಟಿನ ತೂತಿನಿಂದ. ಓದುಗರು ಈ ಮಾತನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ನನ್ನ ಸೋದರಮಾವ ಕರ್ಜಗಿಯವರು, ಮೆಣಸಿನಕಾಯಿ ದಲ್ಲಾಳಿ. 1981ರಲ್ಲಿ ಒಂದು ಯಜ್ಡಿ ಕೊಂಡರು. ಅದನ್ನು ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಕಾಕಾ ಕಲಿತದ್ದು ಮೂರನೆಯ ಇಯತ್ತೆ. ಆತನ ಹತ್ತಿರ ಇದ್ದದ್ದು ನಾಲ್ಕು ಪಾನಾ, ಎರಡು ಸ್ಕ್ರೂಡ್ರೈವರ್, ಒಂದು ಪ್ಲಗ್ ಪಾನಾ, ಸೀಮೆಎಣ್ಣೆ ತುಂಬಿದ ಒಂದು ಬೋಗುಣಿ, ಮತ್ತು ತಂಬಾಕಿನ ಒಂದು ಹಳೆಯ ಡಬ್ಬಿಯ ತುಂಬ ಜೆಟ್ಟುಗಳು. ಶಾಲೆ ಬಿಟ್ಟ ಹೊತ್ತು ನಾನು ಅಲ್ಲಿಯೇ. ಗಾಡಿ ಬಂದರೆ ಕಾಕಾ ಮೊದಲು ಕೇಳುತ್ತಿದ್ದ ಪ್ರಶ್ನೆ ಗಾಡಿಯದಲ್ಲ, ಮನುಷ್ಯನದು: “ಎಲ್ಲಿಗಿ ಹೋಗಾಂವ, ಎಷ್ಟು ಹೇರಾಂವ?”

ಕಾಕಾ ಒಂದು ಸೀಮೆಸುಣ್ಣದಿಂದ ಎಕ್ಸಲೇಟರ್ ಹಿಡಿಕೆಯ ಮೇಲೆ ಗೆರೆ ಎಳೆಯುತ್ತಿದ್ದ. ಮುಚ್ಚಿದಾಗ ಒಂದು, ಕಾಲು ಭಾಗಕ್ಕೆ ಒಂದು, ಮುಕ್ಕಾಲಿಗೆ ಒಂದು, ಪೂರ್ತಿಗೆ ಒಂದು. ಈ ಗೆರೆಗಳಲ್ಲಿಯೇ ಕಾರ್ಬೊರೇಟರಿನ ಅರ್ಧ ಶಾಸ್ತ್ರ ಇದೆ. ಗಾಡಿ ನಿಂತಲ್ಲೇ ಗುರುಗುಡುವಾಗ, ಎಕ್ಸಲೇಟರ್ ಬಿಚ್ಚುವ ಮೊದಲ ಹಂತದಲ್ಲಿ, ಪೆಟ್ರೋಲು ಕೊಡುವುದು ಪೈಲಟ್ ಜೆಟ್. ಅದರ ಜೊತೆಗಿನ ಗಾಳಿ ಸ್ಕ್ರೂ ಒಳಗೆ ತಿರುಗಿಸಿದರೆ ಗಾಳಿ ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು. ಅದರಿಂದ ಕಾಲು ಭಾಗದವರೆಗೆ ಸ್ಲೈಡ್ ಎಂಬ ಕೊಳವೆಯ ಅಡಿಯ ಕೊರೆತದ ಮಾತು ನಡೆಯುತ್ತದೆ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ಸಿಕ್ಕಿಸಿದ ಸೂಜಿಯದೇ ಆಡಳಿತ. ಸೂಜಿಯ ತಲೆಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಹಾಕಿದರೆ ಸೂಜಿ ಮೇಲೇರುತ್ತದೆ, ಪೆಟ್ರೋಲು ಹೆಚ್ಚುತ್ತದೆ. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್ಟಿನ ರಾಜ್ಯ. ಗಾಡಿ ಎಲ್ಲಿ ಕೆಮ್ಮುತ್ತದೆ ಎಂಬುದನ್ನು ಸೀಮೆಸುಣ್ಣದ ಗೆರೆ ನೋಡಿ ಹೇಳಿದರೆ ಸಾಕು, ಯಾವುದನ್ನು ಬಿಚ್ಚಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಪೂರ್ತಿ ಬಿಚ್ಚಿದಾಗಿನ ರೋಗಕ್ಕೆ ಪೈಲಟ್ ಜೆಟ್ ತಿಕ್ಕುವುದು, ಹೊಟ್ಟೆನೋವಿಗೆ ಕಿವಿಗೆ ಔಷಧ ಹಾಕಿದಂತೆ.

ಇಷ್ಟಾದರೂ ಕಾಕಾ ಜೆಟ್ಟಿಗೆ ಕೈ ಹಾಕುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಮೊದಲು ಏರ್ ಫಿಲ್ಟರ್. ನಮ್ಮ ಎರೆಭೂಮಿಯ ಧೂಳು ಎಂಟು ದಿನಕ್ಕೆ ಅದನ್ನು ಕಟ್ಟಿಬಿಡುತ್ತದೆ. ಆಮೇಲೆ ಪ್ಲಗ್, ಪಾಯಿಂಟ್. ಆಮೇಲೆ ಕಾರ್ಬೊರೇಟರು ಇಂಜಿನ್ನಿಗೆ ಕೂಡುವಲ್ಲಿ ಗಾಳಿ ಸೋರುತ್ತದೆಯೇ ಎಂದು ನೋಡುವುದು. ಆಮೇಲೆ ಸೈಲೆನ್ಸರ್, ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಉಸಿರು ನಿಲ್ಲುತ್ತದೆ, ಅದನ್ನು ಬೆಂಕಿಯಲ್ಲಿ ಸುಟ್ಟು ಬಡಿದು ತೆಗೆಯಬೇಕು. ಇಷ್ಟೆಲ್ಲ ಸರಿಯಿದ್ದೂ ರೋಗ ಹೋಗದಿದ್ದರೆ ಮಾತ್ರ ಜೆಟ್. ಅದೂ ಒಂದು ಸಲಕ್ಕೆ ಒಂದೇ ಬದಲಾವಣೆ. ಆಮೇಲೆ ರಸ್ತೆಗೆ ಒಯ್ದು ಎಕ್ಸಲೇಟರ್ ಪೂರ್ತಿ ಬಿಚ್ಚಿ ಓಡಿಸಿ, ಅದೇ ವೇಗದಲ್ಲಿ ಕ್ಲಚ್ ಹಿಡಿದು ಇಂಜಿನ್ ಬಂದ್ ಮಾಡಿ, ಪ್ಲಗ್ ಬಿಚ್ಚಿ ನೋಡುವುದು. ಪ್ಲಗ್ಗಿನ ಮೂತಿ ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ವಿಭೂತಿಯಂತೆ ಬೆಳ್ಳಗಿದ್ದರೆ ಕಡಿಮೆ, ಅಪಾಯ. ಹುರಿಗಡಲೆಯ ಸಿಪ್ಪೆಯ ಬಣ್ಣವಿದ್ದರೆ ಸರಿ. ಹಾಳೆ, ಪೆನ್ಸಿಲ್ಲು ಇಲ್ಲದೆ ಒಂದೇ ಒಂದು ಪ್ಲಗ್ಗಿನ ಮೇಲೆ ಬರೆಯಲಾದ ವರದಿ ಅದು.

ಜೆಟ್ಟಿನ ಮೇಲೆ ಕೊರೆದ ನಂಬರಿಗೂ ಅರ್ಥವಿದೆ. ಕೆಲವು ಕಂಪನಿಯವರು ತೂತಿನ ಅಗಲವನ್ನು ಮಿಲಿಮೀಟರಿನ ನೂರನೆಯ ಭಾಗದಲ್ಲಿ ಹೇಳುತ್ತಾರೆ. ನೂರು ಎಂದರೆ ಒಂದು ಮಿಲಿಮೀಟರ್. ಇಂಗ್ಲೆಂಡಿನ ಹಳೆಯ ಆಮಲ್ ಕಂಪನಿಯವರು ಒಂದು ನಿಮಿಷಕ್ಕೆ ಎಷ್ಟು ಪೆಟ್ರೋಲು ಹರಿಯುತ್ತದೆ ಎಂಬ ಲೆಕ್ಕ ಹಿಡಿದರು. ಒಂದರ ನಂಬರು ನೋಡಿ ಇನ್ನೊಂದಕ್ಕೆ ಹಾಕುವಂತಿಲ್ಲ. ಇಲ್ಲಿ ಲೆಕ್ಕವೂ ಮೋಸ ಮಾಡುತ್ತದೆ. ತೊಂಬತ್ತರ ಜೆಟ್ಟಿನ ಬದಲು ನೂರರದು ಹಾಕಿದರೆ ಅಗಲ ಹೆಚ್ಚಿದ್ದು ನೂರಕ್ಕೆ ಹನ್ನೊಂದರಷ್ಟು. ಆದರೆ ಪೆಟ್ರೋಲು ಹರಿಯುವುದು ತೂತಿನ ಕ್ಷೇತ್ರಫಲದ ಮೇಲೆ. ಅದು ಹೆಚ್ಚುವುದು ನೂರಕ್ಕೆ ಇಪ್ಪತ್ಮೂರರಷ್ಟು. ಅದಕ್ಕೇ ಕಟ್ಟಿದ ಜೆಟ್ಟಿಗೆ ತಂತಿ ಹಾಕಿ ತಿಕ್ಕುವವರನ್ನು ಕಂಡರೆ ಕಾಕಾನಿಗೆ ಸಿಟ್ಟು. ಬಾಯಿಂದ ಊದಬೇಕು, ಸೀಮೆಎಣ್ಣೆಯಲ್ಲಿ ನೆನೆಸಬೇಕು, ತಂತಿ ಮುಟ್ಟಬಾರದು.

1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದು ದರ ಏರಿದ ಮೇಲೆ ನಮ್ಮಲ್ಲಿ ಟ್ಯೂನಿಂಗ್ ಎಂಬ ಶಬ್ದದ ಅರ್ಥವೇ ಬದಲಾಯಿತು. ಬೇರೆ ದೇಶಗಳಲ್ಲಿ ಜೆಟ್ ಬದಲಿಸುವುದು ಓಟ ಹೆಚ್ಚಿಸಲು. ನಮ್ಮಲ್ಲಿ ‘ಎವರೇಜ್’ ಹೆಚ್ಚಿಸಲು. ಯಜ್ಡಿ ಲೀಟರಿಗೆ ಮೂವತ್ತರ ಆಸುಪಾಸು ಓಡುತ್ತಿತ್ತು. ಅದನ್ನು ನಲವತ್ತು ಮಾಡಿಕೊಡುತ್ತೇವೆ ಎನ್ನುವವರು ಪೇಟೆಪೇಟೆಗೆ ಹುಟ್ಟಿದರು. ಅವರ ಮಂತ್ರ ಒಂದೇ: ಸಣ್ಣ ಜೆಟ್.

ಮಾವನೂ ಕೇಳಿದರು. “ಎವರೇಜ್ ಬರವಲ್ದು ಮಿಸ್ತ್ರಿ, ಒಂದು ಸಣ್ಣ ಜೆಟ್ ಹಾಕಿಕೊಡ್ರಿ.”

ಕಾಕಾ ಕೈ ಒರೆಸಿಕೊಂಡು ಹೇಳಿದ: “ಇದು ಬರೇ ಪೆಟ್ರೋಲ್ ಕುಡಿಯಂಗಿಲ್ಲ ಸಾವಕಾರ್ರ, ಅದರಾಗ ಕಲಿಸಿದ ಆಯಿಲ್ಲೂ ಕುಡಿತೈತಿ. ತೂತು ಸಣ್ಣದ ಮಾಡಿದ್ರ ಎರಡೂ ಕಮ್ಮಿ ಆಕ್ಕಾವು. ನೀವು ಚೀಲ ಹೇರಾವ್ರು. ನಾ ಹಾಕಂಗಿಲ್ಲ.”

ಮಾವ ಬೇರೊಂದು ಊರಿನ ಅಂಗಡಿಯಲ್ಲಿ ಹಾಕಿಸಿಕೊಂಡು ಬಂದರು. ಒಂದು ವಾರ ಎವರೇಜ್ ನಿಜವಾಗಿಯೂ ಹೆಚ್ಚಾಯಿತು. ಮಾವ ಕಟ್ಟೆಯ ಮೇಲೆ ಕೂತು ಅದನ್ನು ಎಲ್ಲರಿಗೂ ಹೇಳಿದ್ದೂ ಆಯಿತು. 1987ರ ಬೇಸಿಗೆ, ಮೆಣಸಿನಕಾಯಿಯ ಸುಗ್ಗಿ. ಹಿಂದೆ ಎರಡು ಚೀಲ ಕಟ್ಟಿಕೊಂಡು, ಹಾವೇರಿ ದಾಟಿ, ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ಕಡೆಗೆ, ಬ್ಯಾಡಗಿ ಪೇಟೆ ಮುಟ್ಟುವ ಅವಸರದಲ್ಲಿ ಎಕ್ಸಲೇಟರ್ ಪೂರ್ತಿ ಬಿಚ್ಚಿಯೇ ಹೊರಟಿದ್ದರು. ಮಧ್ಯಾಹ್ನದ ಬಿಸಿಲು, ಹೇರು, ಕಡಿಮೆ ಪೆಟ್ರೋಲು, ಕಡಿಮೆ ಜಿಡ್ಡು. ಬಿಸಿಗೆ ಉಬ್ಬಿದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತು. ಇಂಜಿನ್ ನಿಂತರೆ ಹಿಂದಿನ ಗಾಲಿಯೂ ನಿಲ್ಲುತ್ತದೆ. ಕ್ಲಚ್ ಹಿಡಿಯುವಷ್ಟು ಹೊತ್ತು ಸಿಗಲಿಲ್ಲ. ಎಡಗಾಲಿನ ಎಲುಬು ಎರಡು ಕಡೆ ಮುರಿಯಿತು. ಆ ವರ್ಷದ ಸುಗ್ಗಿ ಹಾಸಿಗೆಯಲ್ಲಿ ಕಳೆಯಿತು, ಅತ್ತೆಯ ಬಳೆ ಒತ್ತೆ ಬಿದ್ದವು. ಮಾವ ಮುಂದೆ ಎಂದೂ ನೆಟ್ಟಗೆ ನಡೆಯಲಿಲ್ಲ. ಉಳಿದಿದ್ದ ಪೆಟ್ರೋಲು ಎಷ್ಟು ಎಂದು ಆಮೇಲೊಮ್ಮೆ ಲೆಕ್ಕ ಹಾಕಿದೆ. ಆ ಒಂದು ವಾರದಲ್ಲಿ ಮೂರು ಲೀಟರೂ ಇರಲಾರದು.

ಗಾಡಿಯನ್ನು ಎತ್ತಿನ ಬಂಡಿಯಲ್ಲಿ ಹೇರಿ ತಂದರು. ಕಾಕಾ ಬಿಚ್ಚಿ ಪ್ಲಗ್ ತೋರಿಸಿದ. ಹಸಿ ವಿಭೂತಿಯಷ್ಟು ಬಿಳುಪು. ನಾ ಹೇಳಿದ್ದೆನಲ್ಲ ಎಂಬ ಮಾತು ಆತನ ಬಾಯಿಂದ ಬರಲಿಲ್ಲ. ಸಿಲಿಂಡರ್ ಹುಬ್ಬಳ್ಳಿಗೆ ಕಳಿಸಿ ಬೋರ್ ಮಾಡಿಸಿ, ಹಳೆಯ ನಂಬರಿನ ಜೆಟ್ ಹುಡುಕಿ ಹಾಕಿ, ಮಾವ ಏಳುವ ಮೊದಲೇ ಗಾಡಿ ಸಿದ್ಧ ಮಾಡಿ ನಿಲ್ಲಿಸಿದ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ರಾಜದೂತ್ 350 ಗಾಡಿ ತಂದಿತು. ಅದು ಯಮಾಹಾದ ಆರ್‌ಡಿ 350. ಜಪಾನಿನಲ್ಲಿ ಅದಕ್ಕೆ 39 ಅಶ್ವಶಕ್ತಿ. ನಮ್ಮ ದೇಶಕ್ಕೆ ಬರುವಾಗ ಎವರೇಜಿನ ಸಲುವಾಗಿ ಅದನ್ನು 30.5ಕ್ಕೆ, ಆಮೇಲೆ 27ಕ್ಕೆ ಇಳಿಸಿದರು. ಹುಲಿಗೆ ಉಪವಾಸ ಕಲಿಸಿದಂತಾಯಿತು. ಎಷ್ಟು ಉಪವಾಸ ಹಾಕಿದರೂ ನಮ್ಮ ಜನಕ್ಕೆ ಅದರ ಹಸಿವು ದುಬಾರಿಯೇ. ಹೊಸದಾಗಿ ಮಾರಾಟವಾಗುವಾಗ ಕೊಳ್ಳುವವರಿಲ್ಲ. ನಿಂತುಹೋದ ಮೇಲೆ ಅದನ್ನು ಹುಡುಕಿ, ಕಾರ್ಬೊರೇಟರಿನ ಜೆಟ್ ಬದಲಿಸಿ, ಸೈಲೆನ್ಸರ್ ಬದಲಿಸಿ, ಕಳೆದುಹೋದ ಅಶ್ವಶಕ್ತಿಯನ್ನು ಮರಳಿ ತರುವವರು ಬೆಂಗಳೂರಿನಲ್ಲಿ ಹುಟ್ಟಿಕೊಂಡರು. ಮದ್ರಾಸಿನ ಹತ್ತಿರ ಶೋಲಾವರಂ ಎಂಬಲ್ಲಿ ಯುದ್ಧಕಾಲದ ಹಳೆಯ ವಿಮಾನದಾರಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳು ಇಂಥವರ ವಿಶ್ವವಿದ್ಯಾಲಯ.

1985ರಲ್ಲಿ ಎರಡು ಗಾಡಿ ಬಂದವು. ಒಂದು ಯಮಾಹಾ ಆರ್‌ಎಕ್ಸ್ 100; 98 ಸಿಸಿ, 11 ಅಶ್ವಶಕ್ತಿ, ಕೂತವನ ಎದೆ ಝಲ್ಲೆನ್ನುವ ಪಿಕಪ್. ಇನ್ನೊಂದು ಹೀರೋ ಹೋಂಡಾ ಸಿಡಿ 100. ಪೆಟ್ರೋಲು ತುಂಬು, ಮುಚ್ಚು, ಮರೆತುಬಿಡು ಎಂಬರ್ಥದ ಅದರ ಜಾಹೀರಾತು ದೇಶಕ್ಕೆಲ್ಲ ಬಾಯಿಪಾಠ. ಮದ್ರಾಸಿನ ಯುಕಾಲ್ ಕಂಪನಿ ಜಪಾನಿನ ಮಿಕುನಿಯ ಸಹಯೋಗದಲ್ಲಿ ಕಾರ್ಬೊರೇಟರ್ ಮಾಡತೊಡಗಿತು. ಹಾವೇರಿ, ರಾಣೆಬೆನ್ನೂರಿನ ಕಾಲೇಜು ಹುಡುಗರು ಆರ್‌ಎಕ್ಸ್ ಏರಿದರು. ಏರಿದವರು ಫಿಲ್ಟರ್ ತೆಗೆದರು, ಸೈಲೆನ್ಸರಿನ ಒಳಗಿನ ಕೊಳವೆ ಕಿತ್ತರು. ಉಸಿರಾಟದ ದಾರಿ ಅಗಲವಾದರೆ ಒಳಗೆ ಬರುವ ಗಾಳಿ ಹೆಚ್ಚುತ್ತದೆ. ಅದಕ್ಕೆ ತಕ್ಕಂತೆ ಮೇನ್ ಜೆಟ್ ದೊಡ್ಡದಾಗಬೇಕು. ಜೆಟ್ಟು ಹಾಗೆಯೇ ಬಿಟ್ಟವರ ಗಾಡಿಯ ಸಪ್ಪಳ ಹೆಚ್ಚಿತು, ಓಟ ಹೆಚ್ಚಲಿಲ್ಲ; ಪಿಸ್ಟನ್ ಮಾತ್ರ ಸುಟ್ಟವು. ಎವರೇಜ್ ಬೇಕೆಂದವನಿಗೂ ಓಟ ಬೇಕೆಂದವನಿಗೂ ಬಂದ ರೋಗ ಒಂದೇ ಎಂಬುದು ಇಲ್ಲಿಯ ವಿಚಿತ್ರ. ಇಬ್ಬರೂ ಲೆಕ್ಕದ ಒಂದು ಬದಿಯನ್ನಷ್ಟೇ ಓದಿದವರು.

ಟೂ ಸ್ಟ್ರೋಕಿನ ನೀಲಿ ಹೊಗೆಗೆ ನಾವು ವಾಸನೆ ಕಟ್ಟಿಕೊಂಡು ಹಾಡಿ ಹೊಗಳುವುದೂ ಸಲ್ಲ. ಸಿಲಿಂಡರಿಗೆ ಬಂದ ಪೆಟ್ರೋಲಿನಲ್ಲಿ ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತಿತ್ತು. ಅದನ್ನು ಕುಡಿದದ್ದು ದಾರಿಯ ಜನ. 1991ರಿಂದ ಹೊಗೆಗೆ ಕಾನೂನು ಬಂತು, 1996ರಲ್ಲಿ ಮತ್ತು 2000ದಲ್ಲಿ ಬಿಗಿಯಾಯಿತು. ಆರ್‌ಎಕ್ಸ್ 100 ಮತ್ತು ಯಜ್ಡಿ ಎರಡೂ 1996ರಲ್ಲೇ ನಿಂತವು. ಕೊನೆಗೆ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದಾಗ ಹೊಸ ಮೋಟರ್ ಸೈಕಲ್ಲುಗಳಿಂದ ಕಾರ್ಬೊರೇಟರು ಬಹುಮಟ್ಟಿಗೆ ಮಾಯವಾಯಿತು. ಈಗ ಗಾಳಿಯನ್ನೂ ಬಿಸಿಯನ್ನೂ ಅಳೆದು, ಸೆಕೆಂಡಿನ ಸಾವಿರದ ಭಾಗದಲ್ಲಿ ಲೆಕ್ಕ ಹಾಕಿ, ಪೆಟ್ರೋಲು ಚಿಮ್ಮಿಸುವ ಯಂತ್ರ ಬಂದಿದೆ. ಅದು ಕಾಕಾನಿಗಿಂತ ಚೆನ್ನಾಗಿ ಲೆಕ್ಕ ಮಾಡುತ್ತದೆ. ಒಪ್ಪಲೇಬೇಕು. ಆದರೆ ಎಲ್ಲಿಗೆ ಹೋಗುವವನು, ಎಷ್ಟು ಹೇರುವವನು ಎಂದು ಸವಾರನನ್ನು ಕೇಳುವುದಿಲ್ಲ. ಕೆಟ್ಟರೆ ಬಿಚ್ಚಿ ತೋರಿಸುವುದೂ ಇಲ್ಲ. ಕಾಕಾನ ಮಗ ಈಗ ಹುಬ್ಬಳ್ಳಿಯ ಒಂದು ಶೋರೂಮಿನಲ್ಲಿ ಗಾಡಿಗೆ ತಂತಿ ಸಿಕ್ಕಿಸಿ ಪರದೆಯ ಮೇಲೆ ರೋಗದ ನಂಬರು ಓದುತ್ತಾನೆ. ಒಳ್ಳೆಯ ಸಂಬಳ. ಅಂಗಡಿ ಮುಚ್ಚಿ ಬಹಳ ವರ್ಷವಾಯಿತು.

ಚರಿತ್ರೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ಅದು ದೇಶದ ತುಂಬ ಬಂದಿತ್ತು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದು ಉರಿಯಲು ಗಾಳಿ ಕಡಿಮೆ ಸಾಕು, 14.7ರ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಹೊಸ ಗಾಡಿಯ ಯಂತ್ರ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಹಳೆಯ ಜೆಟ್ಟಿನಲ್ಲಿ ಹೊಸ ಪೆಟ್ರೋಲು ಹರಿದರೆ ಮಿಶ್ರಣ ತೆಳುವಾಗುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಮಾವನ ಯಜ್ಡಿಯನ್ನು ಕೆಡವಿದ್ದೂ ಇದೇ ತೆಳು ಮಿಶ್ರಣ. ಹಳೆಯ ರಬ್ಬರ್ ವಾಷರುಗಳನ್ನೂ ಎಥನಾಲು ತಿನ್ನುತ್ತದೆ. ಅಗಲದ ಲೆಕ್ಕದ ನೂರರ ಜೆಟ್ ಇದ್ದವರು ನೂರನಾಲ್ಕು ನೂರೈದರದನ್ನು ಹಾಕಿ, ಪ್ಲಗ್ಗಿನ ಬಣ್ಣ ನೋಡಬೇಕಾಗಿದೆ.

ಎಥನಾಲನ್ನು ಕಬ್ಬಿನಿಂದ ಮಾಡುತ್ತಾರೆ, ಗೋವಿನಜೋಳದಿಂದಲೂ ಮಾಡುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹೊಲಗಳಲ್ಲಿ ಈಗ ಎಲ್ಲಿ ನೋಡಿದರೂ ಗೋವಿನಜೋಳವೇ. ಅಂದರೆ ನಮ್ಮ ಹೊಲದ ಬೆಳೆ ನಮ್ಮ ಗಾಡಿಯ ಹೊಟ್ಟೆ ಸೇರುವ ಕಾಲ. ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಗಾಡಿಗಳು ಕಡಿಮೆಯೇನಲ್ಲ. ಹಾಲು, ಗೊಬ್ಬರ, ಮೇವು ಹೇರುವವು ಅವೇ. ಅವುಗಳನ್ನು ಓಡಿಸುವವರು ಒಮ್ಮೆ ಪ್ಲಗ್ ಬಿಚ್ಚಿ ನೋಡುವುದು ಒಳ್ಳೆಯದು. ಬೆಳ್ಳಗಿದ್ದರೆ ತಡಮಾಡದೆ ಒಂದು ದೊಡ್ಡ ಜೆಟ್ ಹುಡುಕಬೇಕು.